ಆಶ್ವಯುಜದ ಹೊಲಕ್ಕೆ ಮಕ್ಕಳೊಡನೆ

ದಸರೆಯ ರಜೆ ಬಂದಿತೆಂದರೆ ಪಟ್ಟಣವಾಸಿಗಳಾದ ತಂದೆತಾಯಂದಿರಿಗೆ ಒಂದು ಬಗೆಯ ಚಿಂತೆ ಮೊದಲಾಗುತ್ತದೆ. ಬೊಂಬೆಗಳನ್ನು ಕೂರಿಸಿ ಇಳಿಸಿದ್ದಾಯಿತು, ಜಂಬೂಸವಾರಿಯನ್ನು ನೋಡಿದ್ದಾಯಿತು, ಮೃಗಾಲಯದ ಜಿರಾಫೆಯ ಮುಂದೆ ನಿಂತದ್ದೂ ಆಯಿತು. ಇನ್ನುಳಿದ ದಿನಗಳನ್ನು ಐದಾರು ವರ್ಷದ ಮಗುವಿನೊಡನೆ ಕಳೆಯುವುದೆಂತು? ಈ ಪ್ರಶ್ನೆಗೆ ವ್ಯಾಪಾರಸ್ಥರು ಈಚೆಗೆ ಒಂದು ಉತ್ತರವನ್ನು ಸಿದ್ಧಪಡಿಸಿ ಇಟ್ಟಿದ್ದಾರೆ. ಹೆದ್ದಾರಿಗಳ ಪಕ್ಕದಲ್ಲಿ ಹಳ್ಳಿಯ ವೇಷವನ್ನು ತೊಟ್ಟ ವಿಹಾರಧಾಮಗಳು ಎದ್ದಿವೆ; ಅಲ್ಲಿ ಬಣ್ಣ ಬಳಿದ ಎತ್ತಿನ ಗಾಡಿಯುಂಟು, ಕುಂಬಾರನ ತಿಗುರಿಯುಂಟು, ಹುಲ್ಲು ತಿನ್ನಿಸಿಕೊಳ್ಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಎರಡು ಕುರಿಗಳುಂಟು, ಹೊರಗೆ ನಿಜವಾದ ಮಳೆ ಬರುತ್ತಿದ್ದರೂ ಒಳಗೆ ಕೊಳವೆಯ ಮಳೆಯಲ್ಲಿ ಕುಣಿಯುವ ಅನುಕೂಲವೂ ಉಂಟು. ಇವನ್ನು ನಿಂದಿಸುವುದಕ್ಕಾಗಿ ನಾನು ಲೇಖನಿಯನ್ನು ಹಿಡಿದಿಲ್ಲ. ಮಕ್ಕಳು ಅಲ್ಲಿ ನಗುತ್ತಾರೆ, ಮಕ್ಕಳು ನಗುವ ಸ್ಥಳವನ್ನು ಹಳಿಯುವುದು ಹಿರಿಯರಿಗೆ ಶೋಭಿಸುವುದಿಲ್ಲ.

ಆದರೂ ಆ ವೇಷದ ಹಳ್ಳಿಗೂ ನಿಜವಾಗಿ ಬೆಳೆ ಬೆಳೆಯುವ ಹೊಲಕ್ಕೂ ಇರುವ ಅಂತರವು ಮಗುವಿನ ಪಾಲಿಗೆ ಅಲ್ಪವಾದುದಲ್ಲ. ವಿಹಾರಧಾಮದಲ್ಲಿ ಸಕಲವೂ ಮಗುವಿನ ಕಡೆಗೆ ಮುಖಮಾಡಿ ನಿಂತಿರುತ್ತದೆ. ಗಾಡಿ ಇರುವುದು ಅದನ್ನು ಹತ್ತಿಸಿಕೊಳ್ಳುವುದಕ್ಕೆ, ಕುರಿ ಇರುವುದು ಅದರ ಕೈಯ ಹುಲ್ಲನ್ನು ತಿನ್ನುವುದಕ್ಕೆ, ಕುಂಬಾರನು ಕುಳಿತಿರುವುದು ಅದರ ಬೆರಳುಗಳಿಗೆ ಮಣ್ಣು ಹತ್ತಿಸುವುದಕ್ಕೆ. ಕೆಲಸದ ಹೊಲವಾದರೋ ತನ್ನ ಪಾಡಿಗೆ ತಾನಿರುತ್ತದೆ. ಅಲ್ಲಿ ಹಸುವಿಗೆ ಮೇವಿನ ಹೊತ್ತಾದರೆ ಅತಿಥಿಗಳ ಮಾತು ಅರ್ಧದಲ್ಲಿ ನಿಲ್ಲುತ್ತದೆ. ವಿದ್ಯುತ್ತು ಬಂದರೆ ಮನೆಯ ಯಜಮಾನನು ಎದ್ದು ಪಂಪಿನ ಕಡೆಗೆ ನಡೆಯುತ್ತಾನೆ. ಬೆಳೆಯಂತೂ ನೋಡುವವರು ಬಂದರೆಂದು ಒಂದು ದಿನ ಮುಂಚಿತವಾಗಿ ಹೂ ಬಿಡುವುದಿಲ್ಲ. ಮನೆಯಲ್ಲಿಯೂ ಅಂಗಡಿಯಲ್ಲಿಯೂ ಕೈಯ ಫೋನಿನಲ್ಲಿಯೂ ತನ್ನ ಇಷ್ಟಾನಿಷ್ಟಗಳ ಸುತ್ತಲೇ ತಿರುಗುವ ಲೋಕವನ್ನು ಕಂಡು ಬೆಳೆಯುತ್ತಿರುವ ಮಗುವಿಗೆ, ತಾನು ಬಂದುದರಿಂದ ಯಾವ ಕಾರ್ಯವೂ ಆರಂಭವಾಗದ, ತಾನು ಹೋದುದರಿಂದ ಯಾವ ಕಾರ್ಯವೂ ನಿಲ್ಲದ ಒಂದು ಸ್ಥಳವನ್ನು ತೋರಿಸುವುದೇ ಇಂಥ ಸಂಚಾರದ ಪರಮ ಪ್ರಯೋಜನವೆಂದು ನನ್ನ ಅಭಿಪ್ರಾಯ. ಮಕ್ಕಳಿಗಾಗಿ ಸಿದ್ಧಪಡಿಸದ ಹೊಲವೇ ಮಕ್ಕಳಿಗೆ ಯೋಗ್ಯವಾದ ಹೊಲ.

ಹೋಗುವುದಾದರೆ ಆಶ್ವಯುಜದಲ್ಲಿ ಹೋಗಬೇಕು. ಬೇಸಗೆಯ ರಜೆಯಲ್ಲಿ ನಮ್ಮ ಮೈಸೂರು ಸೀಮೆಯ ಖುಷ್ಕಿ ಭೂಮಿಯೆಂದರೆ ಒಣಗಿದ ಕೂಳೆ, ಇಲ್ಲವೆ ಉತ್ತು ಬಿಟ್ಟ ಮಣ್ಣು. ಸಂಕ್ರಾಂತಿಯ ವೇಳೆಗೆ ಪೈರೆಲ್ಲ ಕಣ ಸೇರಿ, ಕಣದಿಂದ ಮನೆ ಸೇರಿರುತ್ತದೆ. ಕಾರ್ತಿಕ, ಮಾರ್ಗಶಿರಗಳ ಕೊಯ್ಲಿನ ದಿನಗಳಲ್ಲಿ ಹೋದರೆ ರೈತನಿಗೆ ನಮ್ಮನ್ನು ಮಾತನಾಡಿಸಲು ಬಿಡುವಿರುವುದಿಲ್ಲ, ಅವನು ಸೌಜನ್ಯದಿಂದ ಮಾತನಾಡಿಸಿದನಾದರೆ ಅವನ ಕೂಲಿಯಾಳುಗಳ ಅರ್ಧ ದಿನ ಹಾಳಾಗುತ್ತದೆ. ಶರದೃತುವಿನ ಮೊದಲ ಮಾಸದಲ್ಲಾದರೋ ಬಿತ್ತನೆ, ಕುಂಟೆ, ಕಳೆಗಳ ಗಡಿಬಿಡಿ ಮುಗಿದು, ಕೊಯ್ಲಿನ ಗಡಿಬಿಡಿ ಇನ್ನೂ ತೊಡಗದೆ, ನಡುವೆ ತುಸು ಬಿಡುವು ದೊರೆಯುತ್ತದೆ. ಪೈರು ಎದೆಯೆತ್ತರಕ್ಕೆ ನಿಂತಿರುತ್ತದೆ, ಅಂದರೆ ಐದು ವರ್ಷದ ಬಾಲಕನ ತಲೆ ಮುಳುಗುವಷ್ಟು. ಬೆಳಗಿನಲ್ಲಿ ಇಬ್ಬನಿಯಿಂದ ಜೇಡರ ಬಲೆಗಳು ಕಣ್ಣಿಗೆ ಬೀಳುತ್ತವೆ.

ಮಳೆಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರನ್ನೇ ಇಟ್ಟಿರುವ ನಮ್ಮ ರೈತರ ಲೆಕ್ಕದಲ್ಲಿ ಸೆಪ್ಟೆಂಬರಿನ ಕೊನೆಯಿಂದ ಹಸ್ತ, ಅಕ್ಟೋಬರಿನ ನಡುವಿನಲ್ಲಿ ಚಿತ್ತಾ, ಆಮೇಲೆ ಸ್ವಾತಿ. ನೈರುತ್ಯ ಮಾರುತ ಹಿಂದೆಗೆದು ಈಶಾನ್ಯದ ಮಾರುತ ಮುಂದೆ ಬರುವ ಸಂಧಿಕಾಲ ಇದಾದುದರಿಂದ ಮುಂಜಾನೆ ನಿರ್ಮಲವಾಗಿದ್ದ ಆಕಾಶವು ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವುದುಂಟು. ಆದ್ದರಿಂದ ಬೆಳಗ್ಗೆ ಬೇಗನೆ ಹೋಗಿ, ಉಂಡು, ಎರಡು ಗಂಟೆಯೊಳಗೆ ಹಿಂದಿರುಗತಕ್ಕದ್ದು.

ಬೆಂಗಳೂರು, ತುಮಕೂರು, ಕೋಲಾರಗಳ ಸುತ್ತಿನ ಒಂದು ರಾಗಿಯ ಹೊಲವನ್ನೇ ತೆಗೆದುಕೊಳ್ಳೋಣ. ದೂರದಿಂದ ಅದು ಏಕಪ್ರಕಾರವಾದ ಹಸುರು; ಬದುವಿನ ಮೇಲೆ ನಿಂತು ನೋಡಿದರೆ ಹಾಗಲ್ಲ. ಹಲವು ಸಾಲು ರಾಗಿ ಕಳೆದ ಮೇಲೆ ಒಂದು ಸಾಲು ಅವರೆ ಅಥವಾ ತೊಗರಿ, ಅಲ್ಲಲ್ಲಿ ಜೋಳ, ಸಾಸಿವೆ, ಅಂಚಿನಲ್ಲಿ ಹಳದಿಯ ಹುಚ್ಚೆಳ್ಳು, ಮೂಲೆಯಲ್ಲಿ ಹರಳಿನ ಗಿಡ. ಇದಕ್ಕೆ ಅಕ್ಕಡಿ ಸಾಲೆಂದು ಹೆಸರು. ಒಂದೇ ಹೊಲದಲ್ಲಿ ಇಷ್ಟನ್ನು ಏಕೆ ಬಿತ್ತಿದರೆಂದು ಮಗು ಕೇಳದಿದ್ದರೆ ನಾವಾದರೂ ಕೇಳಬೇಕು, ರೈತನು ಹೇಳುವ ಉತ್ತರ ಅಷ್ಟು ರಸವತ್ತಾಗಿರುತ್ತದೆ. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಸೊರಗೀತು, ಎಲ್ಲವೂ ಸೊರಗಲಾರವು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಆ ಬೇರುಗಳೂ ಉದುರಿದ ಎಲೆಗಳೂ ಕೊಳೆತಮೇಲೆ ಮುಂದಿನ ವರ್ಷದ ಪೈರಿಗೆ ಅದರ ಪ್ರಯೋಜನವುಂಟು. ಹುಚ್ಚೆಳ್ಳಿನ ಹೂವಿಗೆ ಜೇನ್ನೊಣಗಳು ಬಾರದಿದ್ದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ, ಆದ್ದರಿಂದಲೇ ಆಶ್ವಯುಜದ ಬಿಸಿಲಿನಲ್ಲಿ ಆ ಅಂಚೆಲ್ಲ ಝೇಂಕಾರ. ನಾಡ ಅವರೆಯಂತೂ ರಾಗಿ ಕೊಯ್ದು ಹೋದಮೇಲೆ ಹೊಲದಲ್ಲಿ ಒಂಟಿಯಾಗಿ ನಿಂತು, ಹಗಲಿನ ಅವಧಿ ಕಿರಿದಾದುದನ್ನು ಎಲೆಗಳಿಂದಲೇ ಅರಿತು, ಆಮೇಲೆ ಹೂವಿಗೆ ಬರುತ್ತದೆ. ಬೆಂಗಳೂರಿನ ಹೆಬ್ಬಾಳದ ಕೃಷಿವಿಜ್ಞಾನಿಗಳು ಹಗಲಿನ ಹಂಗಿಲ್ಲದೆ ವರ್ಷವಿಡೀ ಕಾಯಿ ಬಿಡುವ ತಳಿಗಳನ್ನು ಮಾಡಿಕೊಟ್ಟಿದ್ದಾರಾದರೂ, ಸೊಗಡಿನ ವಿಷಯದಲ್ಲಿ ಚಳಿಗಾಲದ ಅವರೆಯ ಪಕ್ಷವನ್ನು ಬಿಡಲು ನಾನು ಸಿದ್ಧನಿಲ್ಲ.

ಇಷ್ಟನ್ನೂ ಐದು ವರ್ಷದ ಮಗುವಿಗೆ ಹೇಳಬೇಕೇ? ಬೇಕಾಗಿಲ್ಲ. ಮಗುವಿಗೆ ಮಾಡಿಸಬೇಕಾದುದು ಒಂದೇ. ಆ ಹೊತ್ತಿಗೆ ತೆನೆಯ ಕಾಳು ಹಾಲುದುಂಬುತ್ತಿರುತ್ತದೆ. ರೈತನ ಅಪ್ಪಣೆ ಕೇಳಿ ಒಂದು ಕಾಳನ್ನು ಉಗುರಿನಿಂದ ಒತ್ತಿಸಬೇಕು. ಬಿಳಿಯ ಹಾಲು ಒಸರುತ್ತದೆ. ಮುದ್ದೆಯ ಕಂದುಬಣ್ಣವನ್ನು ಕಂಡು ಬಲ್ಲ ಮಗು ಈ ಬಿಳುಪನ್ನು ನಂಬದೆ ಇನ್ನೊಂದನ್ನು ಒತ್ತುತ್ತದೆ, ಮತ್ತೊಂದನ್ನೂ ಒತ್ತುತ್ತದೆ. ದೊಡ್ಡ ಮಕ್ಕಳಾದರೆ ಇನ್ನೂ ಒಂದು ಸಂಗತಿಯನ್ನು ಸೇರಿಸಬಹುದು: ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ಈ ಧಾನ್ಯದ ಮೂಲ ಪೂರ್ವ ಆಫ್ರಿಕದ ಎತ್ತರದ ನಾಡುಗಳು, ಸಹಸ್ರಾರು ವರ್ಷಗಳ ಬಳಿಕ ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರೆಂಬ ತಳಿವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಮತ್ತೊಮ್ಮೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು, ಅವುಗಳಿಂದ ಈ ಸೀಮೆಯ ಇಳುವರಿ ಏರಿತು.

ಕಡಲೆಕಾಯಿಯ ಹೊಲ ಸಿಕ್ಕಿದರೆ ಅದೃಷ್ಟ. ಬೆಂಗಳೂರಿನ ಮಕ್ಕಳು ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಯ ರಾಶಿಗಳನ್ನು ಕಾಣುತ್ತಾರೆ, ಗಿಡವನ್ನು ಕಾಣರು. ಆದಕಾರಣ ಅದು ಮರದಲ್ಲಿ ಬಿಡುತ್ತದೆಂದು ಹೇಳುವ ಮಕ್ಕಳು ಹತ್ತರಲ್ಲಿ ಒಬ್ಬರಾದರೂ ಸಿಕ್ಕಾರು. ಈ ಗಿಡದ ನಡವಳಿಕೆ ವಿಚಿತ್ರವಾದುದು. ಹಳದಿಯ ಹೂ ನೆಲದ ಮೇಲೆ ಅರಳುತ್ತದೆ. ಫಲಿತವಾದ ಬಳಿಕ ಅದರ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು, ಬಾಗಿ, ಮಣ್ಣನ್ನು ಹೊಕ್ಕು, ಕತ್ತಲೆಯಲ್ಲಿ ಕಾಯಾಗುತ್ತದೆ. ಹಸ್ತಾ ಮಳೆಯಿಂದ ಮೆದುವಾದ ಕೆಮ್ಮಣ್ಣಿನಲ್ಲಿ ಒಂದು ಗಿಡವನ್ನು ಮಗುವಿನ ಎರಡು ಕೈಗಳೂ ಸೇರಿ ಎಳೆಯಬಲ್ಲವು. ಒಂದು ಗಿಡ ಸಾಕು. ಕಿತ್ತ ಗಿಡವನ್ನು ಝಾಡಿಸಿ, ಕಾಯಿಗಳನ್ನು ಬಿಡಿಸಿ, ಹಸಿಯದನ್ನು ಒಂದೆರಡು ತಿಂದು, ಉಳಿದುದನ್ನು ರೈತನ ಚೀಲಕ್ಕೆ ಹಾಕಿಸಬೇಕು, ನಮ್ಮ ಚೀಲಕ್ಕಲ್ಲ.

ಶರತ್ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದು ಪಟ್ಟಣದವರು ಕಂಡುಹಿಡಿದ ಹೊಸ ವಿನೋದವೆಂದು ಯಾರೂ ಭಾವಿಸಬಾರದು. ಆಶ್ವಯುಜದ ಹುಣ್ಣಿಮೆಯಂದು ಉತ್ತರದ ಜಿಲ್ಲೆಗಳಲ್ಲಿ ಸೀಗಿ ಹುಣ್ಣಿಮೆ; ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಪೈರಿನ ನಡುವೆ ನೈವೇದ್ಯದ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಯಗಳ ಊಟ ಮಾಡುತ್ತಾರೆ. ಅದೇ ದಿನ ಶಿವಮೊಗ್ಗೆಯ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಬತ್ತವು ಹೊಡೆ ಬಿಚ್ಚುವ ಆ ಕಾಲದಲ್ಲಿ ಭೂಮಿಯು ಗರ್ಭಿಣಿಯೆಂದು ಭಾವಿಸಿ ಆಕೆಗೆ ಬಯಕೆಯೂಟವನ್ನು ಬಡಿಸುವ ಹಬ್ಬ ಅದು. ಸಾಗರ, ಸೊರಬಗಳ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟಿನಿಂದ ಚಿತ್ತಾರ ಬರೆದು ಸಿದ್ಧಪಡಿಸಿದ ‘ಭೂಮಣ್ಣಿ ಬುಟ್ಟಿ’ಯಲ್ಲಿ ಎಡೆಯನ್ನು ಹೊತ್ತು, ಮನೆಯವರು ಬೆಳಗಾಗುವ ಮುನ್ನವೇ ಗದ್ದೆಗೆ ನಡೆಯುತ್ತಾರೆ. ನಿದ್ದೆಗಣ್ಣಿನ ಮಕ್ಕಳು ಹಿಂದೆ ಹಿಂದೆ ಓಡುತ್ತಾರೆ. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ ಮಕ್ಕಳಿಗಾಗಿ ಏನನ್ನೂ ಪ್ರತ್ಯೇಕವಾಗಿ ಏರ್ಪಡಿಸದೆ ಇರುವುದು. ಹಬ್ಬ ಭೂಮಿಗೆ, ಊಟ ಭೂಮಿಗೆ. ಮಕ್ಕಳು ಜೊತೆಗಿರುತ್ತಾರೆ, ಅಷ್ಟೆ. ಬಂಧುಗಳ ಮನೆ ಆ ಕಡೆ ಇರುವವರು ಈ ದಿನವನ್ನು ಬಿಟ್ಟು ಬೇರೆ ದಿನವನ್ನು ಹುಡುಕುವುದು ಅವಿವೇಕ.

ಹೊಲದಿಂದ ಕೊಟ್ಟಿಗೆಗೆ ಬಂದರೆ ಮಗುವಿನ ಉತ್ಸಾಹ ಇಮ್ಮಡಿಸುತ್ತದೆ, ಹಿರಿಯರದು ವಾಸನೆಯ ಕಾರಣದಿಂದ ಅರ್ಧಕ್ಕಿಳಿಯುತ್ತದೆ. ಹಸು ಮಲಗಿ ಮೆಲುಕು ಹಾಕುತ್ತಿರುವಾಗ ಮಗುವನ್ನು ಐದು ನಿಮಿಷ ಸುಮ್ಮನೆ ಎದುರಿಗೆ ಕೂರಿಸಿದರೆ ದವಡೆ ಪಕ್ಕಕ್ಕೆ ಪಕ್ಕಕ್ಕೆ ಸರಿಯುವುದನ್ನೂ, ನುಂಗಿದ ಸ್ವಲ್ಪ ಹೊತ್ತಿಗೆ ಕತ್ತಿನಲ್ಲಿ ಒಂದು ಉಂಡೆ ಮೇಲಕ್ಕೆ ಬರುವುದನ್ನೂ ಅದು ತಾನಾಗಿಯೇ ಕಾಣುತ್ತದೆ. ಅವಸರದಲ್ಲಿ ಮೇದುದನ್ನು ಬಿಡುವಿನಲ್ಲಿ ಮತ್ತೆ ಬಾಯಿಗೆ ತಂದುಕೊಂಡು ಅರೆಯುವ, ನಾಲ್ಕು ಕೋಣೆಗಳ ಜಠರದ ಈ ಪ್ರಾಣಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲವೆಂಬುದನ್ನು ತಿಳಿಸಿದರೆ, ತನ್ನ ಮುಂದಿನ ಹಲ್ಲು ಬಿದ್ದಿರುವ ವಯಸ್ಸಿನ ಮಗುವಿಗೆ ಆಗುವ ಸಮಾಧಾನ ಅಷ್ಟಿಷ್ಟಲ್ಲ. ಸಾಧ್ಯವಾದರೆ ಬೆಳಗಿನ ಹಾಲು ಕರೆಯುವ ಹೊತ್ತಿಗೆ ತಲಪಿ, ಕ್ಯಾನಿನೊಡನೆ ಡೈರಿಯವರೆಗೆ ನಡೆದುಹೋಗಬೇಕು. 1970ರ ದಶಕದ ನಡುವಿನಿಂದ ಗುಜರಾತಿನ ಆನಂದ್ ಮಾದರಿಯಲ್ಲಿ ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಹಾಲು ಉತ್ಪಾದಕರ ಸಹಕಾರ ಸಂಘಗಳ ಮುಂದೆ ಬೆಳಿಗ್ಗೆ ಸಂಜೆ ನಿಲ್ಲುವ ಸರತಿಯಲ್ಲಿ, ಪ್ರತಿಯೊಬ್ಬರ ಹಾಲನ್ನೂ ಅಳೆದು, ಕೊಬ್ಬಿನಂಶವನ್ನು ಪರೀಕ್ಷಿಸಿ, ಪುಸ್ತಕದಲ್ಲಿ ಬರೆಯುವುದನ್ನು ಕಂಡ ಮಗು, ಮರುದಿನ ಮನೆಯ ಬಾಗಿಲಿಗೆ ಬಂದ ನಂದಿನಿ ಪೊಟ್ಟಣವನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ರೇಷ್ಮೆ ಹುಳುವಿನ ಮನೆಯ ವಿಚಾರ ಬೇರೆ. ರಾಮನಗರ, ಚಿಕ್ಕಬಳ್ಳಾಪುರಗಳ ಕಡೆ ಹೋದವರು ಮಕ್ಕಳಿಗೆ ಹುಳು ತೋರಿಸಬೇಕೆಂದು ಆಶಿಸುವುದು ಸಹಜ. ಆದರೆ ಅನೇಕ ಮನೆಗಳಲ್ಲಿ ‘ಒಳಗೆ ಬಿಡುವುದಿಲ್ಲ’ ಎಂಬ ಉತ್ತರ ಬರುತ್ತದೆ, ನಮ್ಮವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಇದು ಅಸೌಜನ್ಯವಲ್ಲ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವ ದಿನದವರೆಗೆ ಒಂದು ತಿಂಗಳಿಗೂ ಕಡಿಮೆ ಅವಧಿಯಲ್ಲಿ ನಾಲ್ಕು ಬಾರಿ ಪೊರೆ ಬಿಟ್ಟು, ಅಂದರೆ ಅಲ್ಲಿಯವರ ಮಾತಿನಲ್ಲಿ ನಾಲ್ಕು ಜ್ವರಗಳನ್ನು ಕಳೆದು, ಹುಟ್ಟಿದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುವ ಈ ಹುಳು, ಹೊರಗಿನವರ ಕಾಲಿನ ಧೂಳಿನೊಡನೆ ಬರುವ ರೋಗಕ್ಕೆ ಇಡೀ ಮನೆಯ ಹುಳುಗಳೊಡನೆ ಸತ್ತುಹೋಗಬಲ್ಲದು. ಆದ್ದರಿಂದಲೇ ಹೊಸ್ತಿಲಿನಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಬಾಗಿಲಿನ ಹೊರಗೆ ನಿಂತರೂ, ನಾಲ್ಕನೆಯ ಜ್ವರ ಕಳೆದ ಹುಳುಗಳು ಹಿಪ್ಪುನೇರಳೆಯ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲಣ ತುಂತುರು ಮಳೆಯಂತೆ ಕೇಳಿಸುತ್ತದೆ. ಅದನ್ನು ಕೇಳಿ ಹಿಂದಿರುಗಿದ ಮಗು ಏನನ್ನೂ ಕಳೆದುಕೊಂಡಿಲ್ಲ, ತನಗೆ ಪ್ರವೇಶವಿಲ್ಲದ ಸ್ಥಳವೂ ಜಗತ್ತಿನಲ್ಲಿ ಉಂಟು, ಅದಕ್ಕೆ ಕಾರಣವೂ ಉಂಟು ಎಂಬುದನ್ನು ಕಲಿತಿದೆ.

ಅಂಗಳದಲ್ಲಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಕಟ್ಟಿದ ಗೂಡುಗಳನ್ನು ತೋರಿಸುವರು. ಆಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಒಳಗಿನ ಹುಳು ಎಲ್ಲಿ ಹೋಗುತ್ತದೆ? ಈ ಸಮಯದಲ್ಲಿ ಬಹಳ ಮಂದಿ ತಾಯಿತಂದೆಯರು ಚಿಟ್ಟೆಯಾಗಿ ಹಾರಿಹೋಗುತ್ತದೆಂದು ಹೇಳಿ ಪಾರಾಗುತ್ತಾರೆ. ನನಗೆ ಇದು ಸರಿಯೆನಿಸದು. ಪತಂಗವು ಹೊರಗೆ ಬಂದರೆ ಗೂಡು ತೂತಾಗಿ ನೂಲಿನ ಎಳೆ ಕಡಿಯುತ್ತದೆ. ಆದ್ದರಿಂದ ಬಿತ್ತನೆಗೆ ಬೇಕಾದುವನ್ನು ಬಿಟ್ಟು ಉಳಿದ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸುತ್ತಾರೆ, ಒಳಗಿನ ಕೋಶಾವಸ್ಥೆಯ ಹುಳು ಸಾಯುತ್ತದೆ. ಕೇಳಿದ ಮಗುವಿಗೆ ಇಷ್ಟನ್ನು ಮೆಲ್ಲನೆ, ಅಲಂಕಾರವಿಲ್ಲದೆ ಹೇಳಬೇಕು. ಅದು ಅತ್ತೀತು, ಅಮ್ಮನ ಸೀರೆಯ ಕಡೆ ಒಮ್ಮೆ ನೋಡೀತು. ಕುರಿಮರಿಗೆ ಹೆಸರಿಟ್ಟ ಮಗು ಅದು ಸಂತೆಗೆ ಹೋಗುವುದೇಕೆಂದು ಕೇಳಿದಾಗಲೂ ಇದೇ ನಿಯಮ. ಕೆಲಸದ ಹೊಲಕ್ಕೆ ಕರೆದೊಯ್ದು ಕೆಲಸದ ಅರ್ಧವನ್ನು ಮುಚ್ಚಿಡುವುದಾದರೆ, ಆ ಬಣ್ಣದ ಗಾಡಿಯ ವಿಹಾರಧಾಮಕ್ಕೇ ಹೋಗಬಹುದಾಗಿತ್ತು.

ಚಿಕ್ಕ ಮಕ್ಕಳು ಹೊಲವನ್ನು ನೋಡುವುದಿಲ್ಲ, ಹೊಲದೊಳಗಿನ ಒಂದು ಕಂಬಳಿಹುಳುವನ್ನು ನೋಡುತ್ತಾರೆ. ಎರಡು ಗಂಟೆಗಳ ಪ್ರಯಾಣ ಮಾಡಿ ಬಂದು ಮಗ ಇರುವೆಯ ಗೂಡಿನ ಮುಂದೆ ಕುಳಿತುಬಿಟ್ಟನೆಂದು ತಂದೆ ಬೇಸರಪಟ್ಟುಕೊಳ್ಳಬೇಕಾದುದಿಲ್ಲ. ಪಾಠ ಹೇಳುವ ಚಪಲವನ್ನು ಹಿರಿಯರು ಮನೆಯಲ್ಲಿಯೇ ಬಿಟ್ಟು ಬರುವುದು ಉತ್ತಮ. ಗುಂಪು ಚಿಕ್ಕದಾಗಿರಲಿ, ಎರಡು ಬಸ್ಸಿನ ತುಂಬ ಮಕ್ಕಳು ಇಳಿದರೆ ಅದು ಹೊಲ ನೋಡುವುದಲ್ಲ, ಹೊಲ ತುಳಿಯುವುದು.

ಅಪಾಯಗಳ ಮಾತಿಗೆ ಬಂದರೆ ಪಟ್ಟಣದವರಿಗೆ ಹಾವೊಂದೇ ನೆನಪಾಗುತ್ತದೆ. ಹಾವು ಉಂಟು, ಕೊಳಕುಮಂಡಲ ರಾಗಿಯ ಹೊಲದ ನಿವಾಸಿಯೇ ಹೌದು; ಮುಚ್ಚಿದ ಬೂಟು ತೊಡಿಸಿ, ಬದುವಿನ ಮೇಲೆಯೇ ನಡೆಸಿ, ಕಲ್ಲು, ಹುಲ್ಲಿನ ರಾಶಿಗಳಿಗೆ ಕೈ ಹಾಕದಂತೆ ನೋಡಿಕೊಂಡರೆ ಬಹುಮಟ್ಟಿಗೆ ಸಾಕು. ಹರಳಿನ ಬೀಜ ಚೆಲುವಾದುದು, ಚುಕ್ಕೆ ಚುಕ್ಕೆಯದು, ಮಕ್ಕಳ ಜೇಬಿಗೆ ಹೇಳಿ ಮಾಡಿಸಿದುದು, ಅಗಿದರೆ ವಿಷ. ಹಿಂದಿನ ಒಂದೆರಡು ದಿನಗಳಲ್ಲಿ ಔಷಧಿ ಹೊಡೆದ ತೋಟವಾವುದೆಂದು ಮೊದಲೇ ಕೇಳಿಕೊಳ್ಳಬೇಕು. ದನಗಳನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ಸೋಪಿನಿಂದ ತೊಳೆಸಬೇಕು. ಆದರೆ ಇವೆಲ್ಲಕ್ಕಿಂತ ಘೋರವಾದುದು ಕೃಷಿ ಹೊಂಡ. ಮಳೆಯ ನೀರನ್ನು ಹಿಡಿದಿಡುವ ಈ ಹೊಂಡಗಳಿಂದ ಒಣಬೇಸಾಯಕ್ಕೆ ಆಗಿರುವ ಉಪಕಾರ ದೊಡ್ಡದು. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ಕಿನ ಇಳಿಜಾರು ಪಾಚಿಗಟ್ಟಿ ಜಾರುವುದರಿಂದ ಒಳಗೆ ಬಿದ್ದವರು, ಈಜು ಬಲ್ಲವರೂ ಸಹ, ಹಿಡಿತ ಸಿಗದೆ ಮೇಲೇರಲಾರರು. ಆಶ್ವಯುಜದಲ್ಲಿ ಅವು ತುಂಬಿರುತ್ತವೆ. ಸುತ್ತ ಬೇಲಿಯಿಲ್ಲದ ಹೊಂಡ ಅಥವಾ ಕಟ್ಟೆಯಿಲ್ಲದ ತೆರೆದ ಬಾವಿ ಇರುವ ಹೊಲಕ್ಕೆ, ಅದು ಸ್ವಂತ ಅಣ್ಣನದೇ ಆಗಿರಲಿ, ಚಿಕ್ಕ ಮಕ್ಕಳನ್ನು ಕರೆದೊಯ್ಯಲೇಬಾರದು.

ಇನ್ನು ಹಣದ ಮಾತು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಅಕ್ಟೋಬರ್ ಬಂದಿತೆಂದರೆ ಮಕ್ಕಳೊಡನೆ ಕುಂಬಳದ ಹೊಲಗಳಿಗೆ ಹೋಗುತ್ತಾರೆ. ಕ್ಯಾಲಿಫೋರ್ನಿಯದ ಹಾಫ್ ಮೂನ್ ಬೇ ಇದಕ್ಕೆ ಹೆಸರಾದ ಊರು. ಅಲ್ಲಿ ಹೊಲದ ಬಾಗಿಲಲ್ಲಿ ಹಣ ಕೊಡುವುದು, ಆಯ್ದ ಕುಂಬಳಕಾಯಿಗೆ ಬೆಲೆ ಕೊಡುವುದು ಸಾಮಾನ್ಯವಾದುದರಿಂದ ಅತಿಥಿಗಳೂ ರೈತನ ಒಂದು ಬೆಳೆಯೇ ಆಗಿದ್ದಾರೆ. ನಮ್ಮಲ್ಲಿಯ ರೀತಿ ಬೇರೆ. ನಮ್ಮ ರೈತ ಹಣವನ್ನು ಮುಟ್ಟುವುದಿರಲಿ, ಊಟ ಹಾಕಿ, ಹೊರಡುವಾಗ ಒಂದು ಚೀಲ ತರಕಾರಿಯನ್ನೂ ಕೊಟ್ಟು ಕಳುಹಿಸುತ್ತಾನೆ. ನಾವು ಅದನ್ನು ಹಳ್ಳಿಯವರ ಔದಾರ್ಯವೆಂದು ಹೊಗಳುತ್ತ ಕಾರಿನ ಹಿಂಬದಿಗೆ ತುಂಬಿಕೊಳ್ಳುತ್ತೇವೆ. ಈ ಹೊಗಳಿಕೆಯಲ್ಲಿ ತುಸು ಲಾಭಬುದ್ಧಿಯೂ ಸೇರಿದೆ. ಬಂಧುಗಳ ಮನೆಯಾದರೆ ಹೇಗೋ ಸರಿಹೋಗುತ್ತದೆ. ಶಾಲೆಗಳು ತಮ್ಮ ಮಕ್ಕಳನ್ನು ಕರೆದೊಯ್ಯುವಾಗ ಮಾತ್ರ ಇದು ನ್ಯಾಯವಲ್ಲ.

ಮಗುವಿಗೆ ಪುಸ್ತಕದಷ್ಟೇ ಪ್ರಪಂಚವೂ ಬೇಕೆಂಬುದು ನಮ್ಮಲ್ಲಿ ಹೊಸ ವಿಚಾರವೇನಲ್ಲ. 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದ್ದರು. ಕನ್ನಡಕ್ಕೂ ಬಂದಿರುವ ಜಪಾನಿನ ‘ತೊತ್ತೋಚಾನ್’ ಪುಸ್ತಕವನ್ನು ಓದಿದವರಿಗೆ ಟೋಕಿಯೋದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಯಾಶಿಯವರು ಒಬ್ಬ ರೈತನನ್ನು ಮಕ್ಕಳಿಗೆ ಬೇಸಾಯದ ಗುರುವೆಂದು ಪರಿಚಯ ಮಾಡಿಕೊಟ್ಟ ಪ್ರಸಂಗ ನೆನಪಿದ್ದೀತು. ನಮ್ಮ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಈ ದಸರೆಯ ಸುಮಾರಿಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದಾದರೆ ಬಸ್ಸಿನ ಬಾಡಿಗೆ, ತಿಂಡಿಯ ಖರ್ಚುಗಳನ್ನು ಬರೆಯುವ ಹಾಳೆಯಲ್ಲಿಯೇ ಇನ್ನೊಂದು ಸಾಲನ್ನು ಸೇರಿಸಿ, ಸಂಗೀತದ ಅಧ್ಯಾಪಕರಿಗೆ ಕೊಡುವ ಗೌರವಧನವನ್ನು ಅರ್ಧ ದಿನದ ಕೆಲಸ ಬಿಟ್ಟು ಪಾಠ ಹೇಳಿದ ಆ ರೈತನಿಗೂ, ಅವನೊಡನೆ ದುಡಿಯುತ್ತಿದ್ದು ಮಕ್ಕಳಿಗೆ ಗಿಡ ಕಿತ್ತು ತೋರಿಸಿದ ಹೆಣ್ಣಾಳುಗಳಿಗೂ ಕೊಡಿ. ಅವರು ಬೇಡವೆನ್ನುತ್ತಾರೆ, ಆದರೂ ಕೊಟ್ಟು ಬನ್ನಿ.